ರೀಕಾಲ್ ಪತ್ರ ಹೋಗಿದ್ದು ಹಳೇ ಓನರ್ ಮನೆಗೆ: ಡಿಆರ್‌ಎಲ್ ತೊಂದರೆ, ಮಂಡ್ಯ ಮೈಸೂರು ಕಡೆಯವರು ದಯವಿಟ್ಟು ಓದಿ

ಕಾವೇರಿ ದಂಡೆ | ಡಿಸೆಂಬರ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಓದಿ. ನಿಮ್ಮ ಕಾರಿನಲ್ಲೂ ಇದೇ ತೊಂದರೆ ಇರಬಹುದು.

ನನ್ನ ಮನೆ ಮಂಡ್ಯ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ದಿನಾ ಹೋಗಿ ಬರುತ್ತೇನೆ. ಕಾರು 2021ರ ಮಾಡೆಲ್. ಹೋದ ವರ್ಷ ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ಕಂಪನಿ ಹೆಸರು ಬರೆಯುವುದಿಲ್ಲ, ಕಾರಿನ ರಿಪೇರಿ ಇನ್ನೂ ಆಗಿಲ್ಲ.

ಎರಡು ತಿಂಗಳ ಹಿಂದೆ ಎಡಗಡೆ ಡಿಆರ್‌ಎಲ್, ಅಂದರೆ ಹಗಲು ಹೊತ್ತು ತಾನೇ ಉರಿಯುವ ಆ ಬಿಳಿ ಎಲ್‌ಇಡಿ ಪಟ್ಟಿ, ಮಿಣುಕಲು ಶುರುವಾಯಿತು. ಒಂದು ದಿನ ಉರಿಯುತ್ತದೆ, ಇನ್ನೊಂದು ದಿನ ಇಲ್ಲ. ಹೆಡ್‌ಲೈಟ್ ಚೆನ್ನಾಗಿದೆಯಲ್ಲ ಅಂತ ಸುಮ್ಮನಿದ್ದೆ. ಆಮೇಲೆ ಒಂದು ರಾತ್ರಿ ಕೆಆರ್‌ಎಸ್ ರಸ್ತೆಯಲ್ಲಿ ಬರುತ್ತಿದ್ದಾಗ ಎದುರಿಂದ ಮೊಪೆಡ್‌ನಲ್ಲಿ ಬಂದ ಹಿರಿಯರೊಬ್ಬರು ರಸ್ತೆ ಪಕ್ಕಕ್ಕೆ ಇಳಿಸಿ ನಿಂತೇಬಿಟ್ಟರು. ನಾನೂ ನಿಲ್ಲಿಸಿದೆ. "ಕಣ್ಣಿಗೆ ಕುಕ್ಕುತ್ತೆ ಸ್ವಾಮಿ, ಡಿಮ್ ಮಾಡ್ಕೊಂಡು ಹೋಗಿ" ಅಂದರು. ನಾನು ಡಿಮ್‌ನಲ್ಲೇ ಇದ್ದೆ. ಹಾಗಂತ ಹೇಳಿದೆ, ಅವರು ನಂಬಲಿಲ್ಲ. ಮೊಪೆಡ್ ಹಿಂದೆ ಮೇವಿನ ಹೊರೆ ಇತ್ತು. ಅದನ್ನು ಸರಿ ಮಾಡಿಕೊಂಡು ಹೊರಟುಹೋದರು.

ಮನೆಗೆ ಬಂದು ಕಾಂಪೌಂಡ್ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ನೋಡಿದೆ. ಹೆಡ್‌ಲೈಟ್ ಹಾಕಿದ ತಕ್ಷಣ ಡಿಆರ್‌ಎಲ್ ಆರಬೇಕು, ಇಲ್ಲಾ ತಗ್ಗಬೇಕು. ನನ್ನದರಲ್ಲಿ ಬಲಗಡೆಯದು ತಗ್ಗಲೇ ಇಲ್ಲ. ಹಗಲಲ್ಲಿ ಎಷ್ಟು ಉರಿಯುತ್ತದೋ ಅಷ್ಟೇ. ಎಷ್ಟು ದಿನದಿಂದ ಹೀಗೆ ಓಡಿಸುತ್ತಿದ್ದೆನೋ, ಎಷ್ಟು ಜನರ ಕಣ್ಣಿಗೆ ಹೊಡೆದಿದ್ದೇನೋ, ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಹಳೇ ಓನರ್ ಫೋನ್ ಮಾಡಿದ್ದರು. ಕಂಪನಿಯಿಂದ ಅವರ ಮನೆಗೆ ಒಂದು ಪತ್ರ ಬಂದಿದೆಯಂತೆ. ಡಿಆರ್‌ಎಲ್‌ನಲ್ಲಿ ದೋಷ ಇದೆ, ಕಾರು ತಂದು ಉಚಿತವಾಗಿ ಸರಿ ಮಾಡಿಸಿಕೊಳ್ಳಿ ಅಂತ. ಹೀಗೆ ಕಂಪನಿಯೇ ಕಾರನ್ನು ವಾಪಸ್ ಕರೆಯುವುದಕ್ಕೆ ರೀಕಾಲ್ ಅಂತಾರೆ. ಪತ್ರ ಬಂದು ಐದು ತಿಂಗಳಾಗಿದೆ! ಪಾಪ, ಅವರು ಊರಲ್ಲಿ ಇರಲಿಲ್ಲ. ಹೇಳಿದ್ದೇ ದೊಡ್ಡದು.

ನಿನ್ನೆ ಮೈಸೂರಿನ ಸರ್ವಿಸ್ ಸೆಂಟರ್‌ಗೆ ಹೋದೆ. "ಸಾರ್, ಅದು ಬರೀ ಲೈಟಿಂದು, ಅರ್ಜೆಂಟ್ ಏನಿಲ್ಲ. ಮುಂದಿನ ಸರ್ವಿಸ್‌ಗೆ ಬಂದಾಗ ನೋಡೋಣ" ಅಂದು ಕಳಿಸಿದರು. ನಾನು ಏನು ಮಾಡಬೇಕು? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಹಳೇ ಗ್ಯಾರೇಜ್ | ಡಿಸೆಂಬರ್ 3, ರಾತ್ರಿ 10:25

ನಾನು ಬನ್ನಿಮಂಟಪದ ಕಡೆ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತೇನೆ. 22 ವರ್ಷ ಆಯಿತು. ನಿಮ್ಮ ಕಾರಿನಲ್ಲಿ ಎರಡು ಬೇರೆ ಬೇರೆ ತೊಂದರೆ ಇರೋ ಹಾಗಿದೆ. ಒಂದರ ಜೊತೆ ಇನ್ನೊಂದನ್ನು ಸೇರಿಸಬೇಡಿ.

ಎಡಗಡೆ ಮಿಣುಕುತ್ತದೆ ಅಂದಿರಲ್ಲ, ಅದು ಲ್ಯಾಂಪಿನ ಒಳಗಿಂದು. ಎಲ್‌ಇಡಿಗೆ ನೇರವಾಗಿ ಬ್ಯಾಟರಿ ಕರೆಂಟ್ ಕೊಡುವುದಿಲ್ಲ. ನಡುವೆ ಡ್ರೈವರ್ ಅಂತ ಒಂದು ಸಣ್ಣ ಬೋರ್ಡ್ ಇರುತ್ತದೆ. ಬಿಸಿಗೆ ಅದರ ಬೆಸುಗೆ ಬಿಡುತ್ತದೆ, ಇಲ್ಲಾ ಲ್ಯಾಂಪಿನ ಒಳಗೆ ನೀರು ಸೇರುತ್ತದೆ, ಇಲ್ಲಾ ಅರ್ಥ್ ಸಡಿಲ ಆಗಿರುತ್ತದೆ. ಬೆಳಿಗ್ಗೆ ಗಾಜಿನ ಒಳಗಡೆ ಹಬೆ ಹಿಡಿದ ಹಾಗೆ ಕಾಣುತ್ತಾ ನೋಡಿ. ಸ್ವಲ್ಪ ಹಬೆ ಬಂದು ಲೈಟ್ ಹಾಕಿದ ಮೇಲೆ ಹೋದರೆ ಪರವಾಗಿಲ್ಲ. ನೀರಿನ ಹನಿ ನಿಂತಿದ್ದರೆ ಸೀಲ್ ಹೋಗಿದೆ ಅಂತಲೇ ಅರ್ಥ.

ಬಲಗಡೆ ತಗ್ಗುತ್ತಿಲ್ಲ ಅನ್ನುವುದು ಜಾಸ್ತಿ ಮುಖ್ಯ. ಈಗಿನ ಎಷ್ಟೋ ಕಾರುಗಳಲ್ಲಿ ಒಂದೇ ಎಲ್‌ಇಡಿ ಎರಡು ಕೆಲಸ ಮಾಡುತ್ತದೆ. ಹಗಲಲ್ಲಿ ಪೂರ್ತಿ ಉರಿದು ಡಿಆರ್‌ಎಲ್ ಆಗುತ್ತದೆ, ರಾತ್ರಿ ತಗ್ಗಿ ಪಾರ್ಕಿಂಗ್ ಲೈಟ್ ಆಗುತ್ತದೆ. ತಗ್ಗಿಸು ಅಂತ ಹೇಳುವುದು ಬಾಡಿ ಕಂಟ್ರೋಲ್ ಮಾಡ್ಯೂಲ್, ನಾವು ಬಿಸಿಎಂ ಅಂತೀವಿ. ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕಡಿದು ಕಡಿದು ಕೊಟ್ಟರೆ ನಮ್ಮ ಕಣ್ಣಿಗೆ ಬೆಳಕು ಕಮ್ಮಿ ಅನ್ನಿಸುತ್ತದೆ. ಅಷ್ಟೇ ಅದರ ಗುಟ್ಟು. ಆ ಆಜ್ಞೆ ಲ್ಯಾಂಪಿಗೆ ಮುಟ್ಟದಿದ್ದರೆ ಅದು ಹಗಲು ಅಂದುಕೊಂಡೇ ಉರಿಯುತ್ತಿರುತ್ತದೆ.

ಎಷ್ಟು ವ್ಯತ್ಯಾಸ ಅಂತ ಗೊತ್ತಾಗಲಿ ಅಂತ ಹೇಳುತ್ತೇನೆ. ವಿಶ್ವಸಂಸ್ಥೆಯ ವಾಹನ ನಿಯಮ 87ರ ಪ್ರಕಾರ ಡಿಆರ್‌ಎಲ್ ಬೆಳಕು 400 ಕ್ಯಾಂಡೆಲಾಗಿಂತ (ಬೆಳಕು ಎಷ್ಟು ತೀಕ್ಷ್ಣ ಅಂತ ಅಳೆಯುವ ಮಾನ) ಕಮ್ಮಿ ಇರಬಾರದು, 1200 ದಾಟಬಾರದು. ಪಾರ್ಕಿಂಗ್ ಲೈಟಿಗೆ 4 ಕ್ಯಾಂಡೆಲಾ ಇದ್ದರೂ ನಡೆಯುತ್ತದೆ. ರಾತ್ರಿ ನಾಲ್ಕು ಇದ್ದರೆ ಸಾಕು ಅನ್ನುವ ಕಡೆ ನೂರಾರು ಉರಿದರೆ ಎದುರಿನವರ ಗತಿ ಏನು? ಅದೂ ಕತ್ತಲಿಗೆ ಹೊಂದಿಕೊಂಡಿರೋ ಕಣ್ಣು.

ಒಂದು ಮಾತು. ಯಾರೂ ಹೊರಗಡೆ ಡಿಆರ್‌ಎಲ್ ವೈರ್ ಕತ್ತರಿಸಬೇಡಿ, ಟೇಪ್ ಅಂಟಿಸಬೇಡಿ. ನನ್ನ ಅಂಗಡಿಗೆ ಬಂದರೂ ನಾನು ಮಾಡುವುದಿಲ್ಲ. ವೈರಿಂಗ್ ಮುಟ್ಟಿದ್ದು ಕಂಡರೆ ಸರ್ವಿಸ್ ಸೆಂಟರ್‌ನವರು ಅದನ್ನೇ ನೆಪ ಮಾಡಿಕೊಂಡು ವಾದ ತೆಗೆಯುತ್ತಾರೆ.

ಎರಡನೇ ಗೇರ್ | ಡಿಸೆಂಬರ್ 4, ಬೆಳಿಗ್ಗೆ 7:15

ತಪ್ಪು ತಿಳಿಯಬೇಡಿ. ಏರ್‌ಬ್ಯಾಗ್ ಅಂದರೆ ಸರಿ, ಬ್ರೇಕ್ ಅಂದರೆ ಸರಿ. ಒಂದು ಅಲಂಕಾರದ ಲೈಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಊರಲ್ಲಿ ಇಷ್ಟು ಬಿಸಿಲಿದೆ, ಹಗಲಲ್ಲಿ ಲೈಟ್ ಯಾಕೆ ಬೇಕು ಅನ್ನುವುದೇ ನನಗೆ ಅರ್ಥವಾಗಿಲ್ಲ.

ಕಬ್ಬಿನ ಗದ್ದೆ | ಡಿಸೆಂಬರ್ 4, ಬೆಳಿಗ್ಗೆ 8:50

ಎರಡನೇ ಗೇರ್ ಅವರೇ, ನಮ್ಮ ಕಡೆ ಬಂದು ಒಂದು ರಾತ್ರಿ ಬೈಕ್ ಓಡಿಸಿ ನೋಡಿ. ಅಲಂಕಾರ ಅನ್ನುವುದಿಲ್ಲ ನೀವು.

ನಮ್ಮದು ಪಾಂಡವಪುರ ತಾಲ್ಲೂಕು. ವಿಸಿ ನಾಲೆ ಏರಿ ಮೇಲೆ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಎಷ್ಟೋ ಕಡೆ ತಡೆಗೋಡೆ ಇಲ್ಲ. ಈ ನಾಲೆಗೆ ಕಾರು ಬಿದ್ದು ಜನ ಸತ್ತ ಸುದ್ದಿ ನೀವೂ ಓದಿರುತ್ತೀರಿ, ಒಂದು ಸಲ ಅಲ್ಲ. ಅಂಥ ಕಡೆ ಎದುರಿನ ಕಾರಿನ ಬೆಳಕು ಕಣ್ಣಿಗೆ ಹೊಡೆದರೆ ಎರಡು ಮೂರು ಸೆಕೆಂಡ್ ಏನೂ ಕಾಣುವುದಿಲ್ಲ. 40ರ ಸ್ಪೀಡಿನಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ 11 ಮೀಟರ್ ಆಯಿತು. ಮೂರು ಸೆಕೆಂಡಿಗೆ 33 ಮೀಟರ್ ಕುರುಡಾಗಿ ಹೋದ ಹಾಗೆ. ಏರಿ ಅಗಲ ಎಷ್ಟು ಅಂತ ನಿಮಗೇ ಗೊತ್ತು.

ಕಬ್ಬು ಕಡಿಯುವ ಕಾಲ ಬೇರೆ. ಗಾಡಿಗಳು, ಟ್ರ್ಯಾಕ್ಟರ್ ಟ್ರೈಲರ್‌ಗಳು ರಾತ್ರಿಯೆಲ್ಲ ಫ್ಯಾಕ್ಟರಿ ಕಡೆ ಹೋಗುತ್ತಿರುತ್ತವೆ. ಅರ್ಧಕ್ಕರ್ಧ ಟ್ರೈಲರ್‌ಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅದು ನಮ್ಮ ರೈತರದ್ದೇ ತಪ್ಪು, ನಾನು ಒಪ್ಪುತ್ತೇನೆ. ಆದರೆ ಎದುರಿನ ಬೆಳಕಿಗೆ ಕಣ್ಣು ಮಂಜಾದವನಿಗೆ ಮುಂದೆ ಹೋಗುತ್ತಿರುವ ಟ್ರೈಲರ್ ಕಾಣುವುದೇ ಇಲ್ಲ. ನನ್ನ ತಮ್ಮ ಹಾಗೇ ಹೋಗಿ ಗುದ್ದಿದ್ದು. ಮೊಣಕಾಲಿಗೆ ರಾಡ್ ಹಾಕಿದ್ದಾರೆ. ಈಗಲೂ ಗದ್ದೆ ಬದು ಹತ್ತಲು ಆಗುವುದಿಲ್ಲ ಅವನಿಗೆ.

ಎರಡನೇ ಗೇರ್ | ಡಿಸೆಂಬರ್ 4, ಬೆಳಿಗ್ಗೆ 9:05

ಕ್ಷಮಿಸಿ ಅಣ್ಣ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ತಮ್ಮನಿಗೆ ಬೇಗ ವಾಸಿಯಾಗಲಿ.

ಸರಸ್ವತಿಪುರಂ ಏಳನೇ ಮೇನ್ | ಡಿಸೆಂಬರ್ 4, ಮಧ್ಯಾಹ್ನ 1:30

ನಾನು ಗ್ರಾಹಕರ ಕೇಸುಗಳನ್ನು ನೋಡುವ ವಕೀಲೆ. ಕಾವೇರಿ ದಂಡೆ ಅವರೇ, "ಬರೀ ಲೈಟಿಂದು" ಅಂದಿದ್ದನ್ನು ನೀವು ಒಪ್ಪಿಕೊಂಡು ಬರಬಾರದಿತ್ತು.

ನಮ್ಮ ದೇಶದಲ್ಲಿ 2012ರಿಂದ ಕಂಪನಿಗಳು ತಾವಾಗಿಯೇ ರೀಕಾಲ್ ಮಾಡುವ ಪದ್ಧತಿ ಇತ್ತು. ಕಾನೂನಿನ ಬಲ ಬಂದಿದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ. ಅದರ 110ಎ ಕಲಂ ಓದಿ. ದೋಷದಿಂದ ಪರಿಸರಕ್ಕೆ, ಓಡಿಸುವವರಿಗೆ, ಒಳಗೆ ಕುಳಿತವರಿಗೆ, ಇಲ್ಲವೇ ರಸ್ತೆಯಲ್ಲಿ ಹೋಗುವ ಬೇರೆಯವರಿಗೆ ಹಾನಿ ಆಗುವ ಹಾಗಿದ್ದರೆ ಸರ್ಕಾರ ರೀಕಾಲ್‌ಗೆ ಆದೇಶ ಕೊಡಬಹುದು. "ಬೇರೆಯವರಿಗೆ" ಅನ್ನುವ ಮಾತು ಕಾನೂನಿನಲ್ಲೇ ಇದೆ. ನಿಮ್ಮ ಮೊಪೆಡ್ ಹಿರಿಯರೂ, ಕಬ್ಬಿನ ಗದ್ದೆ ಅವರ ತಮ್ಮನೂ ಆ ಮಾತಿನೊಳಗೆ ಬರುತ್ತಾರೆ.

ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷ ತುಂಬದ ಗಾಡಿಗಳಿಗೆ ಅನ್ವಯ. ಆದೇಶದ ಮೇಲೆ ರೀಕಾಲ್ ಆದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿವರೆಗೆ ದಂಡ ಬೀಳುತ್ತದೆ. ಆದೇಶ ಬರುವುದು ಎಷ್ಟು ಜನ ದೂರು ಕೊಟ್ಟರು ಅನ್ನುವುದರ ಮೇಲೆ. ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದೂರು ಕೊಡಲು ಜಾಗ ಇದೆ. ಅದಕ್ಕೇ ಪ್ರತಿಯೊಬ್ಬರೂ ದೂರು ಕೊಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ಮಾಡಬೇಕಾದದ್ದು. ಹಳೇ ಓನರ್ ಹತ್ತಿರ ಆ ಪತ್ರದ ಫೋಟೋ ತರಿಸಿಕೊಳ್ಳಿ. ಕಾರಿನ 17 ಅಕ್ಷರದ ವಿಐಎನ್, ಅದೇ ಚಾಸಿಸ್ ನಂಬರ್, ಆರ್‌ಸಿಯಲ್ಲೂ ಇನ್ಶೂರೆನ್ಸ್ ಪಾಲಿಸಿಯಲ್ಲೂ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಬಂದ ಪುಟವನ್ನು ಉಳಿಸಿಕೊಳ್ಳಿ. ಎರಡನ್ನೂ ಹಾಕಿ ಸರ್ವಿಸ್ ಸೆಂಟರ್‌ಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿ. ನಾಲ್ಕು ಸಾಲು ಸಾಕು. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಮಂಡ್ಯದಲ್ಲೇ ಆಗುತ್ತದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಇನ್ನೊಂದು, ಆರ್‌ಸಿ ನಿಮ್ಮ ಹೆಸರಿಗೆ ಆಗಿದೆಯಾ?

ಕಾವೇರಿ ದಂಡೆ | ಡಿಸೆಂಬರ್ 4, ಸಂಜೆ 6:10

ಮೇಡಂ, ತುಂಬಾ ಥ್ಯಾಂಕ್ಸ್. ಆರ್‌ಸಿ ಆಗಿದೆ. ಫಾರಂ 29, 30 ಎರಡೂ ಕೊಟ್ಟು ಮಾಡಿಸಿದ್ದೆ. ಆದರೆ ಕಂಪನಿಯ ಲೆಕ್ಕದಲ್ಲಿ ಇನ್ನೂ ಹಳೇ ಓನರ್ ಹೆಸರು, ಅವರ ಫೋನ್ ನಂಬರ್ ಇದೆ. ಆರ್‌ಟಿಓದಲ್ಲಿ ಬದಲಾದರೆ ಕಂಪನಿಯಲ್ಲೂ ತಾನೇ ಬದಲಾಗುತ್ತದೆ ಅಂದುಕೊಂಡಿದ್ದೆ. ಹಾಗೆ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡವರು ಇದನ್ನು ಗಮನಿಸಿ. ಇಲ್ಲಿ ಓಡುವ ಎಷ್ಟೋ ಸೆಕೆಂಡ್ ಹ್ಯಾಂಡ್ ಕಾರು ಬೆಂಗಳೂರಿಂದ ಬಂದದ್ದು. ಅವುಗಳ ರೀಕಾಲ್ ಪತ್ರ ಎಲ್ಲಾ ಯಾರದ್ದೋ ಅಪಾರ್ಟ್‌ಮೆಂಟಿನ ಪೋಸ್ಟ್ ಡಬ್ಬದಲ್ಲಿ ಕೂತಿರುತ್ತದೆ.

ಮಂಜಿನ ಬೆಳಗು | ಡಿಸೆಂಬರ್ 5, ಬೆಳಿಗ್ಗೆ 6:30

ಡಿಆರ್‌ಎಲ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದೋಷ ಇಲ್ಲದ ಡಿಆರ್‌ಎಲ್ ಕೂಡ ಮೋಸ ಮಾಡುತ್ತದೆ. ಅದು ಮುಂದೆ ಮಾತ್ರ ಉರಿಯುತ್ತದೆ. ಎಷ್ಟೋ ಕಾರಿನಲ್ಲಿ ಹಿಂದಿನ ಕೆಂಪು ಲೈಟ್ ಅದರ ಜೊತೆ ಉರಿಯುವುದಿಲ್ಲ.

ಹೋದ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಬರುತ್ತಿದ್ದೆ. ಶ್ರೀರಂಗಪಟ್ಟಣ ಹತ್ತಿರ ಹೊಳೆ ಕಡೆಯಿಂದ ಮಂಜು ಒಂದೇ ಸಲ ಕವಿದುಕೊಂಡಿತು. ಹಾಲು ಚೆಲ್ಲಿದ ಹಾಗೆ. ಇಂಡಿಕೇಟರ್ ಹಾಕಿ ನಿಧಾನ ಮಾಡುವಷ್ಟರಲ್ಲಿ ನನ್ನ ಮುಂದೆ, ಇಪ್ಪತ್ತು ಅಡಿ ದೂರದಲ್ಲಿ, ಒಂದು ಬೂದು ಬಣ್ಣದ ಕಾರು. ಹಿಂದೆ ಒಂದು ಲೈಟೂ ಇಲ್ಲ. ಹೇಗೋ ತಪ್ಪಿಸಿದೆ. ಪಕ್ಕಕ್ಕೆ ಬಂದು ನೋಡಿದರೆ ಮುಂದೆ ಡಿಆರ್‌ಎಲ್ ಚೆನ್ನಾಗಿ ಉರಿಯುತ್ತಿದೆ, ಡ್ಯಾಶ್‌ಬೋರ್ಡೂ ಬೆಳಗುತ್ತಿದೆ. ಲೈಟ್ ಹಾಕಿದ್ದೇನೆ ಅಂತಲೇ ಆ ಪುಣ್ಯಾತ್ಮರು ನಂಬಿದ್ದರು.

ಲೈಟ್ ಆಟೋದಲ್ಲಿ ಇಟ್ಟಿದ್ದರೂ ಇದೇ ಕಥೆ. ಗಾಜಿನ ಹತ್ತಿರ ಇರುವ ಸೆನ್ಸಾರ್ ಕತ್ತಲು ಇದೆಯಾ ಅಂತ ಮಾತ್ರ ನೋಡುತ್ತದೆ. ಮಂಜು ಬೆಳ್ಳಗಿರುತ್ತದೆ ಅಲ್ವಾ? ಅದಕ್ಕೆ ಹಗಲು ಅನ್ನಿಸುತ್ತದೆ, ಹೆಡ್‌ಲೈಟ್ ಹಾಕುವುದಿಲ್ಲ. ಮಂಜಿದ್ದರೆ ಕೈಯಿಂದಲೇ ಸ್ವಿಚ್ ತಿರುಗಿಸಿ ಡಿಮ್ ಹಾಕಿ. ಹಿಂದಿನ ಲೈಟ್ ಆಗ ಉರಿಯುತ್ತದೆ.

ಹಳೇ ಗ್ಯಾರೇಜ್ | ಡಿಸೆಂಬರ್ 5, ಬೆಳಿಗ್ಗೆ 9:20

ಮಂಜಿನ ಬೆಳಗು ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಮಂಜಿನಲ್ಲಿ ಹೈ ಬೀಮ್ ಬೇಡ. ಬೆಳಕು ಮಂಜಿನ ಹನಿಗೆ ಹೊಡೆದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಓದುವ ಹುಡುಗ | ಡಿಸೆಂಬರ್ 5, ರಾತ್ರಿ 8:15

ಹಗಲಲ್ಲಿ ಲೈಟ್ ಯಾಕೆ ಅಂತ ಎರಡನೇ ಗೇರ್ ಕೇಳಿದ್ದಕ್ಕೆ. ನಾನು ಇಲ್ಲೇ ಮೈಸೂರಿನಲ್ಲಿ ಆಟೊಮೊಬೈಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ, ಗೊತ್ತಿರುವಷ್ಟು ಹೇಳುತ್ತೇನೆ. ಇದು ಶುರುವಾಗಿದ್ದು ಚಳಿ ದೇಶಗಳಲ್ಲಿ. ಸ್ವೀಡನ್‌ನಲ್ಲಿ 1977ರಿಂದಲೇ ಹಗಲಲ್ಲೂ ಲೈಟ್ ಕಡ್ಡಾಯ, ಯಾಕೆಂದರೆ ಅಲ್ಲಿ ಚಳಿಗಾಲದಲ್ಲಿ ಸೂರ್ಯ ಹೆಚ್ಚು ಮೇಲೇರುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ ಆಗಿದ್ದು 2011ರ ಫೆಬ್ರವರಿಯಲ್ಲಿ. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರ್‌ಗಳಿಗೆ ಹೆಡ್‌ಲೈಟ್ ಯಾವಾಗಲೂ ಉರಿಯುವ ಹಾಗೆ ಮಾಡಿದರಲ್ಲ, ಅದರ ಹಿಂದಿರುವುದೂ ಇದೇ ಯೋಚನೆ. ಬೆಳಕು ನಮಗೆ ರಸ್ತೆ ಕಾಣಲಿ ಅಂತಲ್ಲ. ನಾವು ಬೇರೆಯವರಿಗೆ ಕಾಣಲಿ ಅಂತ. ಬಿಸಿಲಿನ ಊರಲ್ಲೂ ಅದು ಬೇಕು. ಸಾಲುಮರದ ರಸ್ತೆಯಲ್ಲಿ ನೆರಳು ಬಿಸಿಲು ನೆರಳು ಬಿಸಿಲು ಅಂತ ಬರುತ್ತಿರುತ್ತದೆ. ಕಪ್ಪು ಕಾರು ನೆರಳಿನಲ್ಲಿ ಬರುತ್ತಿದ್ದರೆ ಓವರ್‌ಟೇಕ್ ಮಾಡುವವನಿಗೆ ಥಟ್ಟನೆ ಕಾಣುವುದಿಲ್ಲ.

ರೀಕಾಲ್ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 2022ರಲ್ಲಿ ಜನರಲ್ ಮೋಟಾರ್ಸ್ ಸುಮಾರು 3 ಲಕ್ಷ 40 ಸಾವಿರ ಎಸ್‌ಯುವಿಗಳನ್ನು ವಾಪಸ್ ಕರೆಯಿತು. ತೊಂದರೆ ಏನು ಗೊತ್ತಾ? ಹೆಡ್‌ಲೈಟ್ ಹಾಕಿದರೂ ಡಿಆರ್‌ಎಲ್ ಆರುತ್ತಿರಲಿಲ್ಲ, ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿಎಂ ಸಾಫ್ಟ್‌ವೇರ್ ಬದಲಿಸಿ ಸರಿ ಮಾಡಿದರು. ಕಾವೇರಿ ದಂಡೆ ಅಣ್ಣ, ನಿಮ್ಮ ಕಾರಿಂದು ಅದೇ ಜಾತಿಯ ತೊಂದರೆ ಅನ್ನಿಸುತ್ತದೆ. ಇದನ್ನು ಸರ್ವಿಸ್ ಸೆಂಟರ್‌ನಲ್ಲಿ ಹೇಳಿ, ಲೈಟಿಗೂ ರೀಕಾಲ್ ಇದೆ ಅಂತ ಅವರಿಗೂ ಗೊತ್ತಾಗಲಿ.

ಕಾವೇರಿ ದಂಡೆ | ಡಿಸೆಂಬರ್ 11, ರಾತ್ರಿ 10:00

ಮೇಡಂ ಹೇಳಿದ ಹಾಗೆ ಇಮೇಲ್ ಹಾಕಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ 1915ಕ್ಕೆ ಮಾಡಿ ದೂರಿನ ನಂಬರ್ ತಗೊಂಡು, ಆ ನಂಬರನ್ನು ಅದೇ ಇಮೇಲ್‌ಗೆ ಸೇರಿಸಿ ಮತ್ತೆ ಕಳಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಸರ್ವಿಸ್ ಮ್ಯಾನೇಜರೇ ಫೋನ್ ಮಾಡಿದರು. ಸಾಫ್ಟ್‌ವೇರ್ ಕೆಲಸ ಯಾವಾಗ ಬೇಕಾದರೂ ಮಾಡಬಹುದು, ಎಡಗಡೆ ಲ್ಯಾಂಪಿನ ಡ್ರೈವರ್ ಬೋರ್ಡ್ ಸ್ಟಾಕ್ ಇಲ್ಲ, ಬರಲು ಒಂದೂವರೆ ವಾರ ಆಗುತ್ತದೆ ಅಂದರು. ಬೋರ್ಡ್ ಬರುವವರೆಗೆ ಕಾಯದೆ ಬಲಗಡೆಯದನ್ನು ಮೊದಲು ಸರಿ ಮಾಡಿ ಅಂತ ಹಠ ಹಿಡಿದೆ. ಒಪ್ಪಿದ್ದಾರೆ. ಶನಿವಾರ ಹೋಗುತ್ತೇನೆ.

ಈ ವಾರ ಪೂರ್ತಿ ರಾತ್ರಿ ಹೊತ್ತು ಕಾರು ತೆಗೆದಿಲ್ಲ. ಬಸ್ಸಿನಲ್ಲೇ ಬಂದೆ.

ಸರಸ್ವತಿಪುರಂ ಏಳನೇ ಮೇನ್ | ಡಿಸೆಂಬರ್ 11, ರಾತ್ರಿ 10:20

ಒಳ್ಳೆಯದಾಯಿತು. ಜಾಬ್ ಕಾರ್ಡ್‌ನಲ್ಲಿ, ಅಂದರೆ ಸರ್ವಿಸ್ ಸೆಂಟರ್‌ನವರು ಮಾಡುವ ಕೆಲಸ ಬರೆದುಕೊಳ್ಳುವ ಕಾಗದದಲ್ಲಿ, "ರೀಕಾಲ್" ಅಂತ ಬರೆಸಿ, ಅದರ ನಂಬರ್ ಸಮೇತ. "ಲೈಟ್ ಚೆಕಪ್" ಅಂತ ಬರೆದರೆ ಸಹಿ ಹಾಕಬೇಡಿ. ಮುಂದೆ ಇದೇ ತೊಂದರೆ ಮತ್ತೆ ಬಂದರೆ ಆ ಒಂದು ಪದದ ಮೇಲೆ ನಿಮ್ಮ ಕೇಸ್ ನಿಲ್ಲುತ್ತದೆ.

ಕಾವೇರಿ ದಂಡೆ | ಡಿಸೆಂಬರ್ 23, ರಾತ್ರಿ 9:15

ಎರಡೂ ಕೆಲಸ ಮುಗಿಯಿತು. ಯಾರಿಗಾದರೂ ಉಪಯೋಗ ಆಗಲಿ ಅಂತ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಮೊದಲ ಶನಿವಾರ ಸಾಫ್ಟ್‌ವೇರ್. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಬ್ಯಾಟರಿಗೆ ಚಾರ್ಜರ್ ಹಾಕಿ, ಒಂದೂವರೆ ಗಂಟೆ ಕೂರಿಸಿದರು. ನಡುವೆ ಬ್ಯಾಟರಿ ಕೈಕೊಟ್ಟರೆ ಮಾಡ್ಯೂಲೇ ಹಾಳಾಗುತ್ತದಂತೆ, ಅದಕ್ಕೆ ಚಾರ್ಜರ್. ಮಾಡಿದ ಹುಡುಗ ಚಿಕ್ಕವನು, ತುಂಬಾ ಚೆನ್ನಾಗಿ ಎಲ್ಲಾ ವಿವರಿಸಿದ. ಎರಡನೇ ಸಲ ನಿನ್ನೆ, ಬಂಪರ್ ಬಿಚ್ಚಿ ಲ್ಯಾಂಪ್ ಹೊರಗೆ ತೆಗೆದು ಬೋರ್ಡ್ ಬದಲಿಸಿದರು. ಒಳಗೆ ನೀರು ಇರಲಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಲೆ ಇತ್ತು. ಹಳೇ ಗ್ಯಾರೇಜ್ ಅವರು ಹೇಳಿದ ಬಿಸಿಯ ಮಾತು ಸರಿ ಇತ್ತು.

ಬಿಲ್ ಕೊಡುವಾಗ 650 ರೂಪಾಯಿ ಲೇಬರ್ ಅಂತ ಹಾಕಿದ್ದರು. ಬಂಪರ್ ಬಿಚ್ಚಿ ಹಾಕಿದ್ದಕ್ಕಂತೆ. ಬಂಪರ್ ಬಿಚ್ಚದೆ ಲ್ಯಾಂಪ್ ತೆಗೆಯಲು ಆಗುತ್ತದಾ ಅಂತ ಕೇಳಿದೆ. ಇಲ್ಲ ಅಂದರು. ಹಾಗಾದರೆ ಅದೂ ರೀಕಾಲ್ ಕೆಲಸವೇ ಅಲ್ವಾ ಅಂದೆ. ಪತ್ರದಲ್ಲಿ "ಉಚಿತ" ಅಂತ ಇದ್ದ ಸಾಲನ್ನು ತೋರಿಸಿದೆ. ಒಳಗೆ ಹೋಗಿ ಬಂದು ಸೊನ್ನೆ ರೂಪಾಯಿ ಬಿಲ್ ಕೊಟ್ಟರು, ರೀಕಾಲ್ ನಂಬರ್ ಸಮೇತ. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ. ಕಾಗದ ಕೈಯಲ್ಲಿ ಇತ್ತು, ಅಷ್ಟೇ. ಕಂಪನಿ ಲೆಕ್ಕದಲ್ಲಿ ನನ್ನ ಹೆಸರು, ಫೋನ್ ನಂಬರ್, ಮಂಡ್ಯದ ವಿಳಾಸ ಅಲ್ಲೇ ನಿಂತು ಬದಲಿಸಿಕೊಂಡು ಬಂದೆ.

ನಿನ್ನೆ ರಾತ್ರಿ ಮತ್ತೆ ಅದೇ ಗೋಡೆ ಎದುರು ನಿಲ್ಲಿಸಿ ನೋಡಿದೆ. ಹೆಡ್‌ಲೈಟ್ ಹಾಕಿದೆ, ಎರಡೂ ಕಡೆ ಒಟ್ಟಿಗೆ ತಗ್ಗಿತು. ಹೆಂಡತಿಯನ್ನು ಗೇಟ್ ಹತ್ತಿರ ನಿಲ್ಲಿಸಿ ಎದುರಿಂದ ಕಾಣುವುದು ಹೇಗಿದೆ ಅಂತಲೂ ಕೇಳಿದೆ. "ಈಗ ಕಣ್ಣು ಬಿಟ್ಟು ನೋಡಬಹುದು" ಅಂದಳು.

ಕಬ್ಬಿನ ಗದ್ದೆ | ಡಿಸೆಂಬರ್ 23, ರಾತ್ರಿ 9:50

ಸಂತೋಷ ಆಯಿತು ಅಣ್ಣ. ನಿಮ್ಮ ಈ ಚರ್ಚೆ ನೋಡಿ ನಾವು ಹತ್ತು ಜನ ಸೇರಿ ರಿಫ್ಲೆಕ್ಟರ್ ಟೇಪ್ ತರಿಸಿದ್ದೇವೆ. ನಮ್ಮೂರಿನ ಟ್ರೈಲರ್‌ಗಳಿಗೆಲ್ಲ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಅಂಟಿಸುತ್ತಿದ್ದೇವೆ. ಏಳು ಗಾಡಿ ಆಯಿತು. ಕಬ್ಬು ತುಂಬಿದ ಮೇಲೆ ಸೋಗೆ ಜೋತುಬಿದ್ದು ಟೇಪ್ ಮುಚ್ಚಿಹೋಗುತ್ತದೆ, ಅದಕ್ಕೆ ಒಂದು ಉದ್ದ ಪಟ್ಟಿಯನ್ನು ಕೆಳಗೂ ನೇತು ಹಾಕುತ್ತಿದ್ದೇವೆ.

ಎರಡನೇ ಗೇರ್ | ಡಿಸೆಂಬರ್ 24, ಬೆಳಿಗ್ಗೆ 7:40

ಅಣ್ಣ, ಟೇಪ್ ಎಲ್ಲಿ ತಗೊಂಡಿರಿ, ರೋಲ್ ಎಷ್ಟು? ನಮ್ಮ ಮಾವನವರದ್ದು ಮಳವಳ್ಳಿ ಕಡೆ ಎರಡು ಟ್ರೈಲರ್ ಇದೆ.

ಮತ್ತೆ, ನನ್ನ ಕಾರಿನ ಚಾಸಿಸ್ ನಂಬರ್ ನಿನ್ನೆ ರಾತ್ರಿ ಹಾಕಿ ನೋಡಿದೆ. ಡಿಆರ್‌ಎಲ್ ಅಲ್ಲ, ಇಂಧನ ಪಂಪ್‌ದು ಒಂದು ರೀಕಾಲ್ ಬಾಕಿ ತೋರಿಸಿತು. ನಾನೂ ಎರಡನೇ ಓನರ್. ಸರಸ್ವತಿಪುರಂ ಮೇಡಂ, ಇಮೇಲ್‌ನಲ್ಲಿ ಬರೆಯಬೇಕಾದ ಆ ನಾಲ್ಕು ಸಾಲು ಏನು ಅಂತ ಇಲ್ಲಿ ಹಾಕುತ್ತೀರಾ?

ಸರಸ್ವತಿಪುರಂ ಏಳನೇ ಮೇನ್ | ಡಿಸೆಂಬರ್ 24, ಬೆಳಿಗ್ಗೆ 8:30

ಖಂಡಿತ. "ನನ್ನ ವಾಹನದ ನೋಂದಣಿ ಸಂಖ್ಯೆ ಇಷ್ಟು, ವಿಐಎನ್ ಇಷ್ಟು. ಈ ವಾಹನಕ್ಕೆ ನಿಮ್ಮ ಇಂಥ ರೀಕಾಲ್ ಬಾಕಿ ಇದೆ ಎಂದು ನಿಮ್ಮ ವೆಬ್‌ಸೈಟ್ ತೋರಿಸುತ್ತಿದೆ, ಪುಟದ ಚಿತ್ರ ಜೊತೆಗಿದೆ. ನಾನು ಈಗಿನ ಮಾಲೀಕ, ಆರ್‌ಸಿ ಪ್ರತಿ ಜೊತೆಗಿದೆ. ಉಚಿತವಾಗಿ ಸರಿಪಡಿಸುವ ದಿನಾಂಕವನ್ನು ಏಳು ದಿನದೊಳಗೆ ಬರಹದಲ್ಲಿ ತಿಳಿಸಿ."

ಇಂಧನ ಪಂಪ್ ಅಂದಿರಲ್ಲ, ಓಡುತ್ತಿರುವಾಗಲೇ ಇಂಜಿನ್ ನಿಂತುಹೋಗಬಹುದು. ಎಕ್ಸ್‌ಪ್ರೆಸ್‌ವೇಗೆ ಹತ್ತುವ ಮೊದಲು ಇದನ್ನು ಮಾಡಿಸಿ. ಇವತ್ತೇ ಕಳಿಸಿ.